ಚಹಾ ಬಣ್ಣದ ಕೊಪ್ಪೆ

ಹೋದ ವಾರ ಮೇಲಿನ ಮನೆಯವರು ಕಪಾಟು ಖಾಲಿ ಮಾಡುತ್ತಿದ್ದರು. ಸಂಜೆ ಆ ಮನೆಯಾಕೆ ಇಳಿದು ಬಂದು ಒಂದು ಬಟ್ಟೆಯ ಚೀಲವನ್ನು ನನ್ನ ಕೈಗೆ ಕೊಟ್ಟರು. "ಅವಳ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು ಅಕ್ಕ. ಇದು ನಿಮ್ಮಲ್ಲೇ ಇರ್ಲಿ. ನಂಗೆ ಬಿಚ್ಚಿ ನೋಡ್ಲಿಕ್ಕೆ ಆಗುದಿಲ್ಲ" ಎಂದು ಹೇಳಿ, ಕೂರದೆಯೇ ಹೊರಟುಹೋದರು. ನಾನು ಚೀಲದ ಬಾಯಿ ಸಡಿಲಿಸಿದೆ. ಚಹಾದ ವಾಸನೆ ಬಂತು. ಕಪ್ಪಿನಲ್ಲಿ ಹೊಗೆಯಾಡುವ ಚಹಾದ್ದಲ್ಲ. ದಪ್ಪ ಬಟ್ಟೆಗೆ ಹಿಡಿದು, ಒಣಗಿ, ಮಡಿಕೆಯೊಳಗೆ ವರ್ಷಗಟ್ಟಲೆ ಕೂತ ಚಹಾದ್ದು. ಅದರ ಹಿಂದೆಯೇ ಊದುಬತ್ತಿಯಿಂದ ಬಟ್ಟೆ ಸುಟ್ಟ ಕಮಟು. ನಾನು ಮತ್ತೆ ಚೀಲದ ಬಾಯಿ ಕಟ್ಟಿ ಕುರ್ಚಿಯ ಮೇಲಿಟ್ಟೆ.

ಚೀಲ ಇನ್ನೂ ಅಲ್ಲೇ ಇದೆ. ಅದು ನಮ್ಮವರು ಪೇಪರ್ ಓದಲು ಕೂರುವ ಕುರ್ಚಿ. ಅವರು ಏನೂ ಕೇಳದೆ ಸ್ಟೂಲಿಗೆ ಬದಲಾಗಿದ್ದಾರೆ. ರೈಲ್ವೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದ ಮನುಷ್ಯ, ಸಿಗ್ನಲ್ ಬೀಳುವ ತನಕ ಕಾಯುವುದು ಅವರಿಗೆ ಗೊತ್ತು.

ಮೇಲಿನ ಮನೆಯ ಹುಡುಗಿ ಹೋಗಿ ಐದು ವರ್ಷವಾಯಿತು. ಒಮ್ಮೊಮ್ಮೆ ಮೆಟ್ಟಿಲ ಮೇಲೆ ಯಾರೋ ಎರಡೆರಡು ಮೆಟ್ಟಿಲು ಹಾರಿ ಇಳಿದ ಸದ್ದಾದರೆ ನಾನು ಈಗಲೂ ಬಾಗಿಲ ಕಡೆ ನೋಡುತ್ತೇನೆ...

ನಾವು ಧಾರವಾಡದವರು. ವರ್ಗಾವಣೆಯಾಗಿ ಕೋಲ್ಕತಾಗೆ ಬಂದು, ನಿವೃತ್ತಿಯ ಹೊತ್ತಿಗೆ ಡಮ್ ಡಮ್‌ನಲ್ಲಿ ಈ ಫ್ಲ್ಯಾಟ್ ಕೊಂಡು, ಇಲ್ಲಿಯೇ ಉಳಿದೆವು. ಮೇಲಿನ ಮನೆಯವರು ಕುಂದಾಪುರದ ಕಡೆಯವರು. ಅವಳ ತಂದೆಯದು ರೈಲ್ವೆ ನಿಲ್ದಾಣದ ಹತ್ತಿರ ಇಡ್ಲಿ ದೋಸೆಯ ಹೋಟೆಲು. ಅವರ ಕನ್ನಡ ನಮಗೆ ಹಾಡಿನಂತೆ ಕೇಳುತ್ತಿತ್ತು, ನಮ್ಮದು ಅವರಿಗೆ ಜಗಳದಂತೆ ಕೇಳುತ್ತಿತ್ತಂತೆ. ಇಡೀ ಪಾಡಾದಲ್ಲಿ, ಇಲ್ಲಿಯವರು ಕೇರಿಗೆ ಹಾಗೆನ್ನುತ್ತಾರೆ, ಇದ್ದದ್ದು ನಾವೆರಡೇ ಕನ್ನಡದ ಮನೆಗಳು, ಹಾಗಾಗಿ ಹಾಡೂ ಜಗಳವೂ ಹೊಂದಿಕೊಂಡವು.

ಹುಡುಗಿ ಮೊದಲು ನನ್ನ ಬಾಗಿಲಿಗೆ ಬಂದಾಗ ಅವಳಿಗೆ ಹತ್ತು ವರ್ಷವಿದ್ದಿರಬೇಕು. ರೊಟ್ಟಿ ಬಡಿಯುವ ಸದ್ದು ಕೇಳಿ ಮೇಲಿನಿಂದ ಇಳಿದು ಬಂದು, ಹೊಸ್ತಿಲಲ್ಲಿ ನಿಂತು, "ಮಾಶಿ, ನೀವು ಯಾರಿಗೆ ಹೊಡೀತಿದ್ದೀರಿ?" ಎಂದು ಕೇಳಿದಳು. ಬಂಗಾಳಿ ಮಕ್ಕಳ ಜೊತೆ ಆಡಿ ಬೆಳೆದವಳು, ಅಕ್ಕಪಕ್ಕದ ಹೆಂಗಸರೆಲ್ಲ ಅವಳಿಗೆ ಮಾಶಿಯರೇ. ನಮ್ಮ ಕಡೆ ತಾಯಿಯ ತಂಗಿಗೆ ಮಾವಶಿ ಎನ್ನುತ್ತೇವೆ, ಹಾಗಾಗಿ ನನಗೂ ಆ ಕರೆ ಬೇರೆಯದು ಅನಿಸಲಿಲ್ಲ. ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ. ಅಲ್ಲಿಂದ ಅವಳ ಸಂಜೆಗಳು ಅರ್ಧ ನನ್ನ ಮನೆಯಲ್ಲೇ ಕಳೆದವು. ನನಗಿರುವುದು ಇಬ್ಬರು ಗಂಡುಮಕ್ಕಳು. ಅಂಗಿಯ ಗುಂಡಿ ಕಿತ್ತುಹೋದಾಗ ಮಾತ್ರ ಅವರಿಗೆ ತಾಯಿಯ ಹೊಲಿಗೆ ನೆನಪಾಗುತ್ತಿತ್ತು. ಈ ಹುಡುಗಿ ಮಾತ್ರ ನಾನು ಸೂಜಿ ಹಿಡಿದರೆ ಪಕ್ಕದಲ್ಲಿ ಕೂತು ಬಟ್ಟೆಯ ಚೂರುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು.

ನಾನು ಚಳಿಗಾಲದಲ್ಲಿ ಕೌದಿ ಹೊಲಿಯುತ್ತೇನೆ. ಹಳೆಯ ಸೀರೆ, ಅಂಗಿ, ಹಾಸಿಗೆಯ ಚೂರುಗಳನ್ನು ಒಂದರ ಮೇಲೊಂದು ಹಾಕಿ ಕೈಯಿಂದ ಸಾಲುಸಾಲಾಗಿ ಹೊಲಿದ ಹೊದಿಕೆ. ಇಲ್ಲಿಯ ಹೆಂಗಸರು ನೋಡಿ, ತಮ್ಮ ಕಡೆಯ ಹೊದಿಕೆಯ ಹೆಸರು ಹಿಡಿದು, "ಓ, ಕಾಂಥಾ" ಎನ್ನುತ್ತಾರೆ. "ಕಾಂಥಾ ಅಲ್ಲ, ಕೌದಿ" ಎಂದು ನಾನು ತಿದ್ದುತ್ತೇನೆ. ಅವರು ಮತ್ತೆ ಕಾಂಥಾ ಎಂದೇ ಹೇಳುತ್ತಾರೆ. ಈ ಜಗಳ ನಾನು ಇರುವವರೆಗೆ ಮುಗಿಯುವುದಿಲ್ಲ.

ಹುಡುಗಿ ಜಾದವ್‌ಪುರದಲ್ಲಿ ಓದಲು ಸೇರಿದ ಮೇಲೆ ಸಂಜೆಗಳು ಕಡಿಮೆಯಾದವು. ಆದರೂ ವಾರಕ್ಕೊಮ್ಮೆಯಾದರೂ ಬರುತ್ತಿದ್ದಳು. ಅಂಥ ಒಂದು ಸಂಜೆ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಮಾಶಿ, ನಂಗೆ ಇವಳಾಗ್ಬೇಕು" ಎಂದಳು. ವಿಡಿಯೊ ಗೇಮಿನ ಹೆಂಗಸು. ತಲೆ ಮುಚ್ಚುವ ಉದ್ದನೆಯ ಹೊದಿಕೆ, ಎದೆಗೆ ಕವಚ, ಕೈಯಲ್ಲಿ ದೀಪ. ಅವಳು ಹಿಮದ ಊರಿನ ಕಾವಲುಗಾರ್ತಿಯಂತೆ. ಊರು ಸುಟ್ಟುಹೋಗಿ, ಬದುಕಿದವರು ಯಾರಾದರೂ ಇದ್ದಾರೆಯೇ ಎಂದು ದೀಪ ಹಿಡಿದು ಹುಡುಕುತ್ತ ನಡೆಯುತ್ತಾಳಂತೆ. ಡಿಸೆಂಬರಿನಲ್ಲಿ ಊರಿನ ಒಂದು ದೊಡ್ಡ ಹಾಲಿನಲ್ಲಿ ಇಂಥ ಆಟಗಳ, ಕಾಮಿಕ್ಸಿನ ಅಭಿಮಾನಿಗಳು ಸೇರುವ ಮೇಳವಿತ್ತು. ಅಲ್ಲಿ ತಮಗೆ ಬೇಕಾದ ಪಾತ್ರದ ವೇಷ ಹಾಕಿಕೊಂಡು ವೇದಿಕೆಯ ಮೇಲೆ ನಡೆಯುವ ಸ್ಪರ್ಧೆ. ಅದಕ್ಕೆ ಕಾಸ್‌ಪ್ಲೇ ಅನ್ನುತ್ತಾರೆಂದು ಹೇಳಿಕೊಟ್ಟಳು. ಆ ಪಾತ್ರದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ನಾನು ಅವಳನ್ನು ಕಂದೀಲಿನಾಕಿ ಎಂದು ಕರೆದೆ.

"ಕ್ಲೋಕ್ ನೀವು ಹೊಲೀಬೇಕು ಮಾಶಿ. ಆರ್ಮರ್ ನಾನು ಮಾಡ್ಕೊಳ್ತೇನೆ."

ಅವಳು ಕ್ಲೋಕ್ ಎಂದದ್ದು ನನಗೆ ಪರಿಚಯದ್ದೇ. ನಮ್ಮ ಕಡೆ ಮಳೆಯಲ್ಲಿ ಹೊಲಕ್ಕೆ ಹೋಗುವವರು ತಲೆಯಿಂದ ಇಳಿಬಿಟ್ಟುಕೊಳ್ಳುವ ಕಂಬಳಿಯ ಕೊಪ್ಪೆ ಅದು. ಹಿಮದ ಊರಿನಲ್ಲೂ ಕೊಪ್ಪೆಯೇ ಹಾಕಿಕೊಳ್ಳುತ್ತಾರೆಂದು ತಿಳಿದು ನನಗೆ ಆ ಊರಿನ ಮೇಲೆ ಸ್ವಲ್ಪ ವಿಶ್ವಾಸ ಬಂತು.

ಹಾತಿಬಾಗಾನ್ ಪೇಟೆಗೆ ಹೋಗಿ ದಪ್ಪ ಬಿಳಿ ಮಾಂಜರಪಾಟ ಬಟ್ಟೆ ತಂದೆವು. ಅವಳು ಹಳೆಯ ಬಂಗಾಳಿ ಪೇಪರುಗಳನ್ನು ಅಂಟಿಸಿ ಅಳತೆ ಕತ್ತರಿಸಿದಳು. ಎದೆಯ ಕವಚಕ್ಕೆ ವ್ಯಾಯಾಮದ ಚಾಪೆಯನ್ನು ತುಂಡು ಮಾಡಿ, ನನ್ನ ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿ ಬಗ್ಗಿಸಿದಳು. ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅದು ಕರಗಿ ಹಿಡಿದದ್ದನ್ನು ನಾನು ಆಮೇಲೆ ಕಂಡೆ, ಅದು ಬೇರೆ ಮಾತು. ಸೊಂಟದ ಪಟ್ಟಿಗೆ ನಮ್ಮವರ ಹಳೆಯ ಹೋಲ್ಡಾಲ್‌ನ ಚರ್ಮದ ಬೆಲ್ಟು ಬಿಚ್ಚಿದೆವು. ಹಾಸಿಗೆ ಸುತ್ತಿಕೊಂಡು ರೈಲಿನಲ್ಲಿ ಇಡೀ ದೇಶ ತಿರುಗಿದ ಹೋಲ್ಡಾಲ್ ಅದು. ನಮ್ಮವರು ಸ್ವಲ್ಪ ಹೊತ್ತು ಅದನ್ನು ನೋಡಿ, "ಒಯ್ಯಿ, ಇನ್ನೂ ಹಿಮದಾಗ ಓಡಾಡೂದು ಇತ್ತು ಅದರ ಹಣೇಬರಹದಾಗ" ಎಂದರು.

ಕೊಪ್ಪೆಯ ಅಂಚನ್ನು ಅವಳೇ ಕೈಯಿಂದ ಹೊಲಿಯುತ್ತೇನೆಂದು ಹಟ ಹಿಡಿದಳು. ದಾರಕ್ಕೆ ಗಂಟು ಹಾಕುವುದೇ ಅವಳಿಗೆ ಬರುತ್ತಿರಲಿಲ್ಲ. ಬೆರಳಿಗೆ ಸುತ್ತು, ಹೊಸೆ, ಎಳೆ ಎಂದು ತೋರಿಸಿಕೊಟ್ಟೆ. ಅವಳ ಗಂಟು ಪ್ರತಿ ಸಲವೂ ಬಟ್ಟೆಯೊಳಗಿಂದ ನುಸುಳಿ ಈಚೆ ಬರುತ್ತಿತ್ತು. ಇಡೀ ಸಾಲು ಹೊಲಿದು ಮುಗಿಸಿ ಹೆಮ್ಮೆಯಿಂದ ಎತ್ತಿ ತೋರಿಸುವಳು, ದಾರ ಸರ್ರನೆ ಜಾರಿ ಕೈಗೆ ಬರುವುದು. ನಾನು ನಕ್ಕರೆ ಅವಳಿಗೆ ಸಿಟ್ಟು, ನಗದಿದ್ದರೆ ಇನ್ನೂ ಸಿಟ್ಟು. ಕೊನೆಗೆ ನಾನೇ ಹೊಲಿದೆ.

ಅವಳ ತಂದೆಗೆ ಇದೆಲ್ಲ ಹಿಡಿಸಲಿಲ್ಲ. ಪರೀಕ್ಷೆ ಹತ್ತಿರವಿತ್ತು. ಅವರು ಒಳ್ಳೆಯ ಮನುಷ್ಯರು, ಆದರೆ ಅವರ ಬಾಯಿ ಹೋಟೆಲಿನ ಕಾವಲಿಯಂತೆ, ಯಾವಾಗಲೂ ಕಾದೇ ಇರುತ್ತಿತ್ತು. ಒಂದು ದಿನ ಮೆಟ್ಟಿಲ ಮೇಲೆ ನಿಂತು, "ಓದುದು ಬಿಟ್ಟು ವೇಷ ಕಟ್ತಾಳೆ ಇವಳು. ಒಂದು ದಿನ ಇದನ್ನೆಲ್ಲ ಒಲೆಗೆ ಹಾಕ್ತೇನೆ ನೋಡ್ತಿರಿ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದರು. ಹುಡುಗಿ ಬಾಗಿಲು ಹಾಕಿಕೊಂಡದ್ದೂ ಇಡೀ ಕಟ್ಟಡಕ್ಕೆ ಕೇಳಿಸಿತು.

ಕೊಪ್ಪೆ ಮುಗಿಸಿ ಅವಳ ಕೈಗೆ ಕೊಟ್ಟು ನಾನು ಧಾರವಾಡಕ್ಕೆ ಹೋದೆ. ತಂಗಿಯ ಮಗಳ ಮದುವೆಯಿತ್ತು. ಹೊರಡುವ ದಿನ ಹುಡುಗಿ ಅದನ್ನು ಹಾಕಿಕೊಂಡು ನನ್ನ ಮುಂದೆ ಒಂದು ಸುತ್ತು ತಿರುಗಿದಳು. ಬೆಳ್ಳಗೆ, ಅಂಚು ನೇರವಾಗಿ, ಒಂದು ನೂಲೂ ಆಚೀಚೆ ಇಲ್ಲದ ಹಾಗೆ ಇತ್ತು. ನನ್ನ ಹೊಲಿಗೆಯ ಬಗ್ಗೆ ನನಗೇ ಇಷ್ಟು ಖುಷಿಯಾದದ್ದು ಕಡಿಮೆ.

ನಾನು ಮರಳಿ ಬಂದದ್ದು ಮೇಳಕ್ಕೆ ಎರಡು ದಿನ ಮೊದಲು. ಅಂದೇ ಅವಳ ತಾಯಿ ಚೀಲ ಹಿಡಿದು ಬಂದರು. "ಕೊರಳ ಹತ್ರ ಹುಕ್ಕು ಹಾಕ್ಬೇಕಂತೆ ಅಕ್ಕ. ಅವಳಿಗೆ ಕಾಲೇಜಲ್ಲಿ ಪ್ರಾಕ್ಟಿಕಲ್, ಗೆಳತಿ ಮನೆಯಲ್ಲೇ ಉಳೀತಾಳೆ, ನಾಳೆ ರಾತ್ರಿಗೆ ಬರುದು" ಎಂದು ಚೀಲವಿಟ್ಟು ಹೋದರು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದರು, ನಿಲ್ಲಲು ಪುರುಸೊತ್ತಿರಲಿಲ್ಲ.

ಚೀಲ ಬಿಚ್ಚಿದೆ. ನನ್ನ ಬಿಳಿಯ ಕೊಪ್ಪೆಯ ಮೇಲೆ ಯಾರೋ ಚಹಾ ಸುರಿದಿದ್ದರು. ಅಂಚು ಹರಿದು ಜೂಲುಜೂಲಾಗಿತ್ತು. ಬೆನ್ನ ಮೇಲೆಲ್ಲ ಸುಟ್ಟ ತೂತುಗಳು, ಕೆಲವು ಕಾಳಿನಷ್ಟು, ಕೆಲವು ಅಂಗೈಯಷ್ಟು.

ಮೆಟ್ಟಿಲ ಮೇಲೆ ನಿಂತು ಆಡಿದ ಮಾತು ತಕ್ಷಣ ನೆನಪಾಯಿತು. ಆಡಿದ್ದನ್ನು ಮಾಡಿಯೇಬಿಟ್ಟರಲ್ಲ ಪುಣ್ಯಾತ್ಮರು ಎಂದುಕೊಂಡೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ, ಇಲ್ಲಿ ಮಾತೂ ತೂತೂ ಒಟ್ಟಿಗೇ ಬಂದಿದ್ದವು. ತಾಯಿ ಹುಕ್ಕಿನ ನೆಪ ಹೇಳಿ, ಬಾಯಿ ಬಿಡದೆ ರಿಪೇರಿಗೆ ತಂದಿಟ್ಟು ಹೋಗಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಇನ್ನೊಬ್ಬರ ಮನೆಯ ಜಗಳವನ್ನು ಕೆದಕಿ ಕೇಳುವವಳು ನಾನಲ್ಲ. ಹುಡುಗಿಗೆ ಫೋನ್ ಮಾಡಿದರೆ ಪ್ರಾಕ್ಟಿಕಲ್ಲಿನ ನಡುವೆ ಅತ್ತಾಳು. ಅವಳು ಬರುವುದರೊಳಗೆ ಸರಿ ಮಾಡಿಟ್ಟುಬಿಟ್ಟರೆ ಆಯಿತು.

ಒಗೆಯೋಣವೆಂದರೆ ಡಿಸೆಂಬರಿನ ಮಂಜಿಗೆ ಒಣಗುವುದಿಲ್ಲ. ಚಹಾದ ಕಲೆ ಹಾಗೇ ಉಳಿಯಿತು. ಅಡುಗೆಯನ್ನು ನಮ್ಮವರಿಗೆ ಒಪ್ಪಿಸಿ ಚೂರುಗಳ ಗಂಟು ಬಿಚ್ಚಿ ಕೂತೆ. ನನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು, ನಮ್ಮವರ ನೀಲಿ ಅಂಗಿ, ಮದುವೆಯಲ್ಲಿ ಉಡಿಗೆ ಬಂದ ಹಸಿರು ಕುಪ್ಪಸದ ಖಣ. ಒಂದೊಂದು ತೂತಿಗೂ ಒಂದೊಂದು ತೇಪೆ ಇಟ್ಟು, ಸುತ್ತಲೂ ಕೌದಿಯ ಹೊಲಿಗೆ ಹಾಕಿದೆ. ಜೂಲು ಅಂಚನ್ನೆಲ್ಲ ಸಮ ಮಾಡಿ ಮಡಚಿ ಹೊಲಿದೆ. ಹೆಬ್ಬೆರಳು ಬಾತುಕೊಂಡಿತು. ಮರುದಿನ ಸಂಜೆಗೆ ಮುಗಿಯಿತು. ಎತ್ತಿ ಹಿಡಿದು ನೋಡಿದರೆ, ಮೊದಲಿಗಿಂತ ಚೆನ್ನಾಗಿತ್ತು. ಈಗಲೂ ಹಾಗೆಯೇ ಹೇಳುತ್ತೇನೆ.

ಕೊನೆಯಲ್ಲಿ ಒಂದು ಮೂಲೆ ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ಅದರ ಹೊಟ್ಟೆ ತುಂಬಿಸುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಅದಕ್ಕಾಗಿ ಮೂಲೆಯೊಳಗೆ ಒಂದಿಷ್ಟು ಕಾಳು ಹಾಕಿ ಹೊಲಿಗೆ ಮುಚ್ಚುವುದು. ಊರಿನಿಂದ ತಂದ ಜೋಳವಿತ್ತು. ಒಂದು ಚಿಟಿಕೆ ಹಾಕಿ ಮುಚ್ಚಿದೆ. ಚೀಲವನ್ನು ಮೇಲೆ ಕೊಟ್ಟು ಬಂದು ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಹುಡುಗಿ ಕೊಪ್ಪೆಯನ್ನು ತೋಳ ಮೇಲೆ ಹಾಕಿಕೊಂಡು ಇಳಿದು ಬಂದಳು. ಎರಡೆರಡು ಮೆಟ್ಟಿಲು ಹಾರಲಿಲ್ಲ. ಒಂದೊಂದೇ ಇಳಿದಳು.

"ಮಾಶಿ, ಇದೆಂತ ಮಾಡಿದ್ರಿ?"

"ಮತ್ತೇನ ಮಾಡಲೆವ್ವಾ, ಸುಟ್ಟ ಅರಿವಿ ಹಂಗ ಬಿಡೂದಾ? ನಿಮ್ಮಪ್ಪಗ ಸಿಟ್ಟು ಬಂದ್ರ ಬಾಯಿಲೆ ಬೈಲಿ, ಹುಡುಗಿ ಅರಿವಿ ಸುಡೂದಂದ್ರ..."

"ಅಪ್ಪ ಸುಟ್ಟದ್ದಲ್ಲ. ನಾನು." ಅವಳ ಧ್ವನಿ ತೀರ ಸಣ್ಣದಾಗಿತ್ತು. "ಲಾಸ್ಟ್ ಲೆವೆಲ್‌ಗೆ ಬರುವಾಗ ಅವಳ ಕ್ಲೋಕ್ ಹೀಗೇ ಆಗಿರ್ತದೆ. ಎಲ್ಲಾ ಹರ್ದು, ಸುಟ್ಟು. ನೀವು ಊರಿಗೆ ಹೋದ್ಮೇಲೆ ನಾನು ಅದನ್ನೇ ಮಾಡುದು ಅಂತ ಡಿಸೈಡ್ ಮಾಡ್ದೆ. ದಿನಾ ಟೆರೇಸಲ್ಲಿ ಕೂತು ಮಾಡಿದ್ದು ಮಾಶಿ. ಚಹಾದಲ್ಲಿ ಕುದಿಸಿ, ತುರಿಯುವ ಮಣೆಯಲ್ಲಿ ಉಜ್ಜಿ, ಊದುಬತ್ತಿಯಲ್ಲಿ ಒಂದೊಂದೇ..."

ಬಟ್ಟೆಯನ್ನು ಹರಿಯಲು ಯಾರಾದರೂ ಇಷ್ಟು ಕಷ್ಟಪಡುತ್ತಾರೆಂದು ನನಗೆ ಕನಸಿನಲ್ಲೂ ಹೊಳೆಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹರಿದ ಬಟ್ಟೆ ಕಂಡರೆ ಮೊದಲು ಸೂಜಿ, ಆಮೇಲೆ ಮಾತು. ಹುಟ್ಟುಗುಣ ಸುಟ್ಟರೂ ಹೋಗದು.

ಅಷ್ಟರಲ್ಲಿ ಅವಳ ತಂದೆ ಇಳಿದು ಬಂದರು. ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು. ಒಂದು ಕೈಯಲ್ಲಿ ಇಡ್ಲಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಹೋಟೆಲಿನ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಕಂದೀಲು. ಬೂದಿ ಹಚ್ಚಿ ತಿಕ್ಕಿ ಹೊಳೆಯುವಂತೆ ಮಾಡಿ ತಂದಿದ್ದರು. "ನಾನು ಸುಡುದಾ ಅಕ್ಕ?" ಎಂದರು. "ಬಾಯಿಗೆ ಬಂದದ್ದು ಹೇಳ್ತೇನೆ. ಮಗಳ ಬಟ್ಟೆ ಸುಡ್ತೇನಾ?" ಕಂದೀಲನ್ನು ಹುಡುಗಿಯ ಕೈಗೆ ಕೊಟ್ಟು, "ಆ ಪ್ಲಾಸ್ಟಿಕ್ಕಿದು ಬೇಡ, ಇದು ಹಿಡ್ಕೊ" ಎಂದು ಹೇಳಿ ಹೋಟೆಲಿಗೆ ಹೋದರು. ನನಗೆ ನೆಲವೇ ನೋಡಲು ಚೆನ್ನಾಗಿದೆ ಅನಿಸಿತು.

ನಾನು ಕತ್ತರಿ ತಂದೆ. ತೇಪೆಗಳನ್ನೆಲ್ಲ ಬಿಚ್ಚಿಬಿಡುತ್ತೇನೆ, ತೂತುಗಳು ಒಳಗೆ ಹಾಗೇ ಇವೆ ಎಂದೆ. ಅವಳು ನನ್ನ ಕೈ ಹಿಡಿದಳು.

"ಬೇಡ ಮಾಶಿ. ಟೈಮಿಲ್ಲ."

ಟೈಮಿಲ್ಲ ಎಂದಳು. ಇರಲಿ ಎನ್ನಲಿಲ್ಲ, ಚೆನ್ನಾಗಿದೆ ಎನ್ನಲಿಲ್ಲ. ಆ ಒಂದು ಮಾತನ್ನು ನಾನು ಎಷ್ಟು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೋ...

ಇಬ್ಬರೂ ಮೆಟ್ರೋ ಹಿಡಿದೆವು. ಬರುವುದಿಲ್ಲ ಎಂದಿದ್ದೆ, ಕವಚದ ಹಿಂದಿನ ಪಟ್ಟಿ ಕಟ್ಟಲು ಯಾರಾದರೂ ಬೇಕು ಎಂದು ಕರೆದುಕೊಂಡು ಹೋದಳು. ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವವನು ಕಂದೀಲನ್ನು ಅಲ್ಲಾಡಿಸಿ, ಮೂಸಿ, ಎಣ್ಣೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿ ಒಳಗೆ ಬಿಟ್ಟ. ರೈಲಿನ ಡಬ್ಬಿಯಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಎದುರು ಕೂತ ಹಿರಿಯ ಹೆಂಗಸು ಕೊಪ್ಪೆಯ ತುದಿಯನ್ನು ಬೆರಳಲ್ಲಿ ಮುಟ್ಟಿ, "ಕಾಂಥಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಬಂಗಾಳಿಯಲ್ಲಿ, ಕಾಂಥಾ ಅಲ್ಲ, ಕೌದಿ ಎಂದಳು. ಅಂದು ಅವಳು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ನನಗೆ ಸ್ವಲ್ಪ ಉಸಿರು ಬಂತು.

ಆಮೇಲೆ ಅವಳ ಬೆರಳಿಗೆ ಮೂಲೆಯ ಗಂಟು ಸಿಕ್ಕಿತು. "ಇದೆಂತ?"

"ಜ್ವಾಳ. ಅದರ ಹೊಟ್ಟಿ ಖಾಲಿ ಇರಬಾರದು. ವರ್ಷಕ್ಕೊಮ್ಮೆ ತಗದು ಹೊಸಾದು ಹಾಕಬೇಕು, ಇಲ್ಲಾಂದ್ರ ನುಸಿ ಬೀಳತಾವ."

"ನೀವು ಅದಕ್ಕೂ ಊಟ ಹಾಕಿದ್ರಾ?" ಎಂದು ಕೇಳಿ, ಕಿಟಕಿಯ ಕಡೆ ತಿರುಗಿಕೊಂಡಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ. ಕಿಟಕಿಯಲ್ಲಿ ಸುರಂಗದ ಕತ್ತಲೆ ಮಾತ್ರ ಇತ್ತು.

ಆ ಹಾಲಿನೊಳಗಿನ ಗದ್ದಲವನ್ನು ಹೇಗೆ ಹೇಳಲಿ. ನೀಲಿ ಕೂದಲಿನ ಹುಡುಗರು, ತಮಗಿಂತ ಎತ್ತರದ ಕತ್ತಿ ಹೊತ್ತ ಹುಡುಗಿಯರು, ರೆಕ್ಕೆ ಕಟ್ಟಿಕೊಂಡು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ. ಸೀರೆ ಉಟ್ಟ ನನ್ನನ್ನೂ ಯಾವುದೋ ಪಾತ್ರವೆಂದು ತಿಳಿದು ಒಬ್ಬಳು ಫೋಟೊ ಕೇಳಿದಳು. ಕೊಟ್ಟೆ. ಹುಡುಗಿಯ ಜೊತೆಯವರು ಬಂದು ಕೊಪ್ಪೆಯನ್ನು ನೋಡಿ, ಏನೋ ಕೇಳಿ, ತಗ್ಗಿದ ದನಿಯಲ್ಲಿ ಮಾತಾಡಿದರು. ಹರಿದ ಅಂಚಿನ ಫೋಟೊಗಳನ್ನು ಅವಳು ಅವರಿಗೆ ಮೊದಲೇ ಕಳಿಸಿದ್ದಳು. ಈಗ ಅವರ ಮುಖದಲ್ಲಿ ಕಂಡದ್ದು ನನಗೆ ಅರ್ಥವಾಗದ್ದೇನಲ್ಲ.

ವೇದಿಕೆಯ ಮೇಲೆ ಅವಳು ಕಂದೀಲು ಎತ್ತಿ ಹಿಡಿದು ನಡೆದಳು. ನಿಧಾನವಾಗಿ, ಹಿಮದಲ್ಲಿ ಕಾಲು ಹೂತುಹೋಗುವವರಂತೆ. ನನಗೆ ಒಂದು ಕ್ಷಣ ನಮ್ಮ ಮೇಲಿನ ಮನೆಯ ಹುಡುಗಿ ಮರೆತೇಹೋದಳು. ತೀರ್ಪುಗಾರರಲ್ಲಿ ಒಬ್ಬ ಯುವಕ ಆ ಆಟವನ್ನು ಚೆನ್ನಾಗಿ ಬಲ್ಲವನು. ಈ ಪಾತ್ರದ ಹೊದಿಕೆ ಇಡೀ ಆಟದಲ್ಲಿ ಹರಿಯುತ್ತಲೇ ಹೋಗುತ್ತದೆ, ಅದಕ್ಕೆ ಯಾರೂ ತೇಪೆ ಹಾಕುವುದಿಲ್ಲ, ಹಾಕಲು ಯಾರೂ ಬದುಕಿಲ್ಲ, ಹಾಗಿರುವಾಗ ಇದೇನು ಎಂದು ಮೈಕಿನಲ್ಲಿ ಕೇಳಿದ. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ.

ಹುಡುಗಿ ಇಂಗ್ಲಿಷಿನಲ್ಲಿ ಉತ್ತರಿಸಿದಳು. ನನಗೆ ತಿಳಿದ ಮಟ್ಟಿಗೆ ಅವಳು ಹೇಳಿದ್ದು ಇಷ್ಟು: ಇಲ್ಲಿಗೆ ಬರುವ ದಾರಿಯಲ್ಲಿ ಅವಳಿಗೆ ಒಂದು ಮನೆ ಸಿಕ್ಕಿತು, ಅಲ್ಲಿ ಒಬ್ಬರು ಬದುಕಿದ್ದರು.

ಚಪ್ಪಾಳೆ ಬಿತ್ತು. ತೀರ್ಪುಗಾರನೂ ನಕ್ಕ. ಬಹುಮಾನ ಮಾತ್ರ ಬೇರೆಯವರಿಗೆ ಹೋಯಿತು, ಪಾತ್ರಕ್ಕೆ ಸರಿಯಾಗಿ ಹೊಂದಿದ ವೇಷ ಕಟ್ಟಿದವರಿಗೆ.

ಆ ಉತ್ತರವನ್ನು ನಾನು ನಂಬಲಿಲ್ಲ. ನಂಬಬೇಕೆಂದು ಆಸೆಯಿತ್ತು, ಧೈರ್ಯವಿರಲಿಲ್ಲ. ಅವಳು ಮಾತಿನಲ್ಲಿ ಮೊದಲಿನಿಂದಲೂ ಚುರುಕು, ಅಪ್ಪನ ಬಾಯಿ ಅವಳಿಗೂ ಬಂದಿತ್ತು. ಕೇಳಿದವನ ಬಾಯಿ ಮುಚ್ಚಿಸಲು ಹಾಗೆ ಹೇಳಿದಳು, ಅಷ್ಟೇ ಎಂದುಕೊಂಡೆ. ವಾಪಸು ಬರುವಾಗ ದಾರಿಯಲ್ಲಿ ಇಬ್ಬರೂ ಫುಚ್ಕಾ, ಅದೇ ಇಲ್ಲಿಯ ಪಾನಿಪುರಿ, ತಿಂದೆವು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು. ಕೊಪ್ಪೆಯ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುವರ್ಷ ಅವಳು ಬೇರೊಂದು ಪಾತ್ರ ಮಾಡಿದಳು. ಮೈತುಂಬ ಕವಚ, ಎಲ್ಲ ಚಾಪೆಯ ತುಂಡು ಮತ್ತು ಅಂಟು. ಒಂದು ಅಂಗೈಯಗಲ ಬಟ್ಟೆಯೂ ಬೇಕಾಗಲಿಲ್ಲ. ಮುಗಿದ ಮೇಲೆ ತಂದು ತೋರಿಸಿದಳು, ಭೇಷ್ ಎಂದೆ. ಒಳಗೆ ಬೆಂಕಿ ಬಿದ್ದಿತ್ತು. ಹರಿದದ್ದೆಲ್ಲ ಹೊಲಿದುಬಿಡುವ ಮುದುಕಿಯ ಕೈಗೆ ಬಟ್ಟೆ ಕೊಡಬಾರದೆಂದು ಪಾಠ ಕಲಿತಿದ್ದಾಳೆ ಎಂದುಕೊಂಡೆ. ಅವಳು ರೊಟ್ಟಿಗೆ ಬರುತ್ತಿದ್ದಳು, ಕಾಲೇಜಿನ ಕತೆ ಹೇಳುತ್ತಿದ್ದಳು, ನನ್ನ ಮೊಬೈಲು ಸರಿ ಮಾಡಿಕೊಡುತ್ತಿದ್ದಳು. ಎಲ್ಲವೂ ಮೊದಲಿನಂತೆಯೇ ಇತ್ತು. ಸೂಜಿಯ ಮಾತು ಮಾತ್ರ ನಮ್ಮ ನಡುವೆ ಬರಲಿಲ್ಲ. ಆ ಕೊಪ್ಪೆಯನ್ನು 'ಏನು ಮಾಡಿದೆ' ಎಂದು ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಬಿಸಾಕಿದೆ ಎಂದುಬಿಟ್ಟರೆ? ಧಾರವಾಡದ ಬಿಗುಮಾನ ನನ್ನದು, ಮನಸ್ಸು ಒಡೆಯುವ ಉತ್ತರಕ್ಕಿಂತ ಉತ್ತರವಿಲ್ಲದಿರುವುದೇ ಲೇಸು ಎಂದು ಕೂತೆ. ಇನ್ನೂ ದಿನಗಳಿವೆಯಲ್ಲ ಎಂದುಕೊಂಡಿದ್ದೆ.

ಓದು ಮುಗಿಸಿ ಅವಳು ಈ ಊರಿನಲ್ಲೇ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸಕ್ಕೆ ಸೇರಿದಳು. ಒಂದು ವರ್ಷ ದುರ್ಗಾಪೂಜೆ ಮುಗಿದ ಮೇಲೆ ನಮ್ಮ ಪಾಡಾದಲ್ಲಿ ಮನೆಮನೆಗೂ ಜ್ವರ. ಡೆಂಗಿ. ನಮ್ಮವರಿಗೆ ಬಂದು ಹೋಯಿತು, ಎದುರು ಮನೆಯ ಮಗುವಿಗೆ ಬಂದು ಹೋಯಿತು. ಅವಳಿಗೂ ಬಂತು. ಆಸ್ಪತ್ರೆಗೆ ಹೊರಡುವಾಗ ಮೆಟ್ಟಿಲಲ್ಲಿ ನನ್ನ ಬಾಗಿಲ ಮುಂದೆ ಒಂದು ಗಳಿಗೆ ನಿಂತು, "ಬಂದ್ಮೇಲೆ ರೊಟ್ಟಿ ಮಾಶಿ" ಎಂದಳು. ನಾನು ಹಿಟ್ಟು ಜರಡಿ ಹಿಡಿದಿಟ್ಟಿದ್ದೆ...

ಆಮೇಲಿನದು ಬರೆಯಲಾರೆ. ಅವಳ ತಂದೆ ಆ ದಿನದಿಂದ ಮೆಟ್ಟಿಲ ಮೇಲೆ ಗಟ್ಟಿಯಾಗಿ ಮಾತಾಡಿಲ್ಲ.

ಈಗ ಅವರೂ ಹೊರಟಿದ್ದಾರೆ. ಜಾದವ್‌ಪುರದ ಕಡೆ ಹೋಟೆಲಿಗೆ ಹೊಸ ಜಾಗ ಸಿಕ್ಕಿದೆ, ಅಲ್ಲೇ ಹತ್ತಿರ ಮನೆ ಮಾಡಿದ್ದಾರೆ. ಇಂದು ಬೆಳಿಗ್ಗೆ ಲಾರಿ ಬಂದು ಸಾಮಾನೆಲ್ಲ ಹೋಯಿತು. ಮೇಲಿನ ಮನೆಯಲ್ಲಿ ಸದ್ದೇ ಇಲ್ಲ. ನಾನು ಕುರ್ಚಿಯ ಮೇಲಿನ ಚೀಲವನ್ನು ಬಿಚ್ಚಿದೆ.

ಕೊಪ್ಪೆ ಇಡಿಯಾಗಿ ಇತ್ತು. ಒಂದು ತೇಪೆಯನ್ನೂ ಕಿತ್ತಿರಲಿಲ್ಲ. ಇಳಕಲ್ಲಿನ ಕೆಂಪು, ಅಂಗಿಯ ನೀಲಿ, ಖಣದ ಹಸಿರು, ಎಲ್ಲ ಚಹಾ ಬಣ್ಣದ ಮೇಲೆ ಇದ್ದಲ್ಲೇ ಇದ್ದವು. ಸದ್ಯ, ಇಟ್ಟುಕೊಂಡಿದ್ದಳಲ್ಲ ಎಂದುಕೊಂಡೆ. ಮರೆತು ಪೆಟ್ಟಿಗೆಗೆ ಹಾಕಿದ್ದೂ ಇರಬಹುದು, ಮಕ್ಕಳು ಎಷ್ಟೋ ವಸ್ತುಗಳನ್ನು ಹಾಗೇ ಬಿಟ್ಟಿರುತ್ತಾರೆ. ಕೊನೆಗೆ ಬೆರಳು ತಾನಾಗಿ ಆ ಮೂಲೆಗೆ ಹೋಯಿತು.

ಅಲ್ಲಿದ್ದದ್ದು ನನ್ನ ಹೊಲಿಗೆಯಲ್ಲ. ನಾನು ಬಿಳಿಯ ದಾರದಲ್ಲಿ ಸಣ್ಣಗೆ ಮುಚ್ಚಿದ್ದೆ. ಇಲ್ಲಿ ದಪ್ಪ ಕೆಂಪು ದಾರ, ಒಂದು ಹೊಲಿಗೆ ಇತ್ತ, ಒಂದು ಅತ್ತ, ಕೋಳಿ ಕೆದಕಿದಂತೆ. ಅದರ ಪಕ್ಕದಲ್ಲಿ ಸೂಜಿ ಹೋಗಿ ಬಂದ ಹಳೆಯ ತೂತುಗಳ ಸಾಲು, ಅದರ ಪಕ್ಕದಲ್ಲಿ ಇನ್ನೊಂದು ಸಾಲು. ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಮಾಡಿದ್ದಳು. ಎರಡು ಹೊಲಿಗೆ ಮಾತ್ರ ಬಿಡಿಸಿ ಮೂಲೆಯನ್ನು ಅಂಗೈಗೆ ಬಗ್ಗಿಸಿದೆ. ಬಿದ್ದದ್ದು ಜೋಳವಲ್ಲ, ಅಕ್ಕಿ. ಅವರ ಮನೆಯಲ್ಲಿ ಉಣ್ಣುವ ಕೆಂಪು ಕುಚ್ಚಲಕ್ಕಿ. ಅವಳ ಅಡುಗೆಮನೆಯಲ್ಲಿ ಜೋಳ ಎಲ್ಲಿಂದ ಬರಬೇಕು. ಇದ್ದದ್ದನ್ನು ಹಾಕಿದ್ದಳು, ವರ್ಷ ವರ್ಷವೂ ಹೊಸದು, ನಾನು ಮೆಟ್ರೋದಲ್ಲಿ ಹೇಳಿದ ಹಾಗೆ.

ನುಸಿ ಬಿದ್ದು ಅಕ್ಕಿ ಅರ್ಧ ಪುಡಿಯಾಗಿತ್ತು. ಐದು ವರ್ಷದಿಂದ ಬದಲಿಸುವವರು ಇರಲಿಲ್ಲ.

ನಾನು ಅಳುತ್ತಿದ್ದೆನಂತೆ, ನಮ್ಮವರು ನೀರು ತಂದಿಟ್ಟರು. ಅವಳು ವೇದಿಕೆಯ ಮೇಲೆ ಹೇಳಿದ ಆ ಮನೆಯ ಒಳಗಿದ್ದುಕೊಂಡೇ ಬಾಗಿಲಾಚೆ ನಿಂತಿದ್ದೇನೆ ಎಂದುಕೊಂಡು ಇಷ್ಟು ವರ್ಷ ಕಳೆದೆನಲ್ಲ ಅನಿಸಿತು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಡಬ್ಬಿಯಿಂದ ಒಂದು ಚಿಟಿಕೆ ಜೋಳ ತೆಗೆದೆ. ಮೂಲೆಯನ್ನು ಜಾಡಿಸಿ, ಹೊಸ ಕಾಳು ತುಂಬಿಸಿದೆ. ಬಿಡಿಸಿದ ಎರಡು ಹೊಲಿಗೆಯ ಜಾಗವನ್ನಷ್ಟೇ ನನ್ನ ಬಿಳಿಯ ದಾರದಿಂದ ಮುಚ್ಚಿ, ಉಳಿದದ್ದನ್ನು ಮುಟ್ಟಲಿಲ್ಲ.

ಕೊಪ್ಪೆ ಮಡಚುವ ಮೊದಲು ಅವಳ ಕೆಂಪು ದಾರದ ತುದಿಯನ್ನು ಹಿಡಿದು ಒಮ್ಮೆ ಎಳೆದು ನೋಡಿದೆ. ಗಂಟು ಜಾರಲಿಲ್ಲ.